ಕೌದಿಯ ಪದರಗಳು

ಉತ್ತರ ಕರ್ನಾಟಕದ ಕೌದಿ ಒಂದೇ ದಿನ ಮುಗಿದ ವಸ್ತುವಲ್ಲ. ಸವೆದ ಇಳಕಲ್ ಸೀರೆ, ಹರಿದ ಧೋತರ ಪದರಾಗಿ ಕೂಡುತ್ತವೆ. ಹರಿದಲ್ಲಿ ಮತ್ತೆ ತೇಪೆ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರಂತೂ ಅಂಚಿನಿಂದ ಹೊಲಿಯುತ್ತ ನಡುವಿಗೆ ಬರುತ್ತಾರೆ.

ಅಬು ಹಲೀಫಾದ ನಮ್ಮ ಫ್ಲ್ಯಾಟಿಗೆ ಬಂದ ಅಜ್ಜಿಯ ಕೌದಿಯಲ್ಲಿ ಮೇಲಿನ ತೇಪೆ ಕಿತ್ತು, ಕೆಳಗೊಂದು ಹಳೆಯ ಚೌಕಡಿ ಕಾಣುತ್ತಿತ್ತು. ಅಜ್ಜಿಯಾಗಿದ್ದರೆ ಮುಚ್ಚಿಬಿಡುತ್ತಿದ್ದಳು. ವಸ್ತುಸಂಗ್ರಹಾಲಯಗಳ ರೀತಿ ಬೇರೆ: ಹಳೆಯದನ್ನು ಕೀಳಬಾರದು, ಹೊಸ ಹೊಲಿಗೆ ಬಿಚ್ಚಲು ಬರಬೇಕು. ನನಗೆ ಅದೇ ಸರಿಯೆನಿಸಿತು. ತೆಳು ರೇಷ್ಮೆ ಜಾಲರಿ ಹೊದಿಸಿ ಸಡಿಲವಾಗಿ ಹೊಲಿದೆ. ಮಡಚಿದರೆ ಮಡಿಕೆಯಲ್ಲೇ ನೂಲು ಮುರಿಯುತ್ತದೆ. ಆಮ್ಲರಹಿತ ಕಾಗದದೊಂದಿಗೆ ಸುರುಳಿ ಸುತ್ತಿ, ಇಲ್ಲಿಯ ಬಿಸಿಲು ಧೂಳಿಗೆ ಸಿಗದಂತೆ ಇಟ್ಟೆ.

ಕುವೈತಿನ ಅಲ್ ಸದು ನೇಯ್ಗೆ 2020ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ನಮ್ಮ ಚೌಕಡಿ ಯಾರ ಸೀರೆಯದೆಂದು ಹೇಳಬಲ್ಲವರು ಊರಲ್ಲಿ ಒಬ್ಬ ಸೋದರತ್ತೆ ಮಾತ್ರ. ಫೋಟೊ ಕಳಿಸಿದ್ದೇನೆ.