ಸೆರೆಮನೆಯ ಅಡಿಯ ಕೊಟ್ಟಿಗೆ

ಕೈದಿಯನ್ನು ಹಗಲು ದುಡಿಮೆಗೆ ಬಿಟ್ಟು ರಾತ್ರಿ ಮರಳಿ ಕೂಡಿಹಾಕುವ ಪದ್ಧತಿಗೆ ಅಮೆರಿಕದಲ್ಲಿ ಶಾಸನದ ಬಲ ದೊರೆತದ್ದು 1913ರಲ್ಲಿ, ವಿಸ್ಕಾನ್ಸಿನ್ ಸಂಸ್ಥಾನದ ಹ್ಯೂಬರ್ ಕಾನೂನಿನಿಂದ. ಸಣ್ಣ ತಪ್ಪಿಗೆ ಸೆರೆ ಸೇರಿದವನ ಹೆಂಡತಿ ಮಕ್ಕಳು ಉಪವಾಸ ಬೀಳಬಾರದೆಂಬುದು ಅದರ ಉದ್ದೇಶ. ಅಲ್ಲಿ ಲೆಕ್ಕವೆಲ್ಲ ಕೂಲಿಯದು.

ಫ್ಲಾರಿಡದ ದಕ್ಷಿಣ ತುದಿಯಲ್ಲಿ, ಕೀ ವೆಸ್ಟ್ ಪಕ್ಕದ ಸ್ಟಾಕ್ ದ್ವೀಪದ ಸೆರೆಮನೆಯಲ್ಲಿ 1994ರಲ್ಲಿ ಮೊದಲಾದ ದುಡಿಮೆಯ ಬಗೆಯೇ ಬೇರೆ. ಅದನ್ನು ಯಾವ ಪಂಡಿತನೂ ಯೋಜಿಸಿದ್ದಲ್ಲ. ಸಮೀಪದ ಗಾಲ್ಫ್ ಮೈದಾನದ ಬಾತುಕೋಳಿಗಳು ರಸ್ತೆ ದಾಟುವಾಗ ಗಾಡಿಗಳಿಗೆ ಸಿಕ್ಕಿ ಸಾಯುತ್ತಿದ್ದುವು. ಸೆರೆಮನೆಯವರು ಬೇಲಿ ಹಾಕಿ ಅವನ್ನು ಸಾಕಿಕೊಂಡರು. ಕಡಲು ಉಕ್ಕಿದರೂ ಮುಳುಗದಂತೆ ಕಂಬಗಳ ಮೇಲೆ ನಿಲ್ಲಿಸಿದ ಕಟ್ಟಡವದು. ಅಡಿಯಲ್ಲಿ ನೆರಳಿಗೇನು ಕೊರತೆ? ಬಾತುಗಳ ಹಿಂದೆಯೇ ಒಡೆಯರು ಕೈಬಿಟ್ಟ ಕುದುರೆ, ಆಡು, ಹಂದಿ, ಆಮೆಗಳೂ ಬಂದು ಸೇರಿದುವು. ಸಗಣಿ ಬಾಚುವುದು, ಮೇವು ನೀರು ನೋಡುವುದು ಕೈದಿಗಳ ಕೆಲಸ. ತಿಂಗಳಿಗೆರಡು ಭಾನುವಾರ ಊರಿನ ಮಕ್ಕಳು ನೋಡಲು ಬರುತ್ತಾರೆ. ಕೈದಿ ಹಿಡಿದು ನಿಂತ ಆಡಿನ ಮೈ ಸವರುವ ಮಗುವಿಗೆ ಅವನ ಅಪರಾಧ ಯಾವುದೆಂಬ ಗೊಡವೆಯಿಲ್ಲ. ಹ್ಯೂಬರ್ ಕಾನೂನಿನ ಕೂಲಿಯಲ್ಲಿ ಈ ಮನ್ನಣೆ ಇತ್ತೆಂದು ನನಗೆ ತೋರದು.

2017ರ ಸೆಪ್ಟೆಂಬರಿನಲ್ಲಿ ಇರ್ಮಾ ಚಂಡಮಾರುತ ಬಂದಾಗ ಕೈದಿಗಳನ್ನು ಬೇರೆ ಊರಿನ ಸೆರೆಮನೆಗೆ ಸಾಗಿಸಿದರು. ಪ್ರಾಣಿಗಳನ್ನು ಒಳಗೆ ತಂದು, ಅವರು ತೆರವು ಮಾಡಿದ ಕೋಣೆಗಳಲ್ಲಿ ಕೂಡಿದರು.