ಅಪರಾಧದ ನೆಲೆ: 'ಒಸ್ಸೆಸ್ಸಿಯೊನೆ' ಮತ್ತು 'ಕಾಡು'

ಇಟಲಿಯ ನವವಾಸ್ತವವಾದಿ ಸಿನಿಮಾದ ಮುಂಬೆಳಗನ್ನು ವಿದ್ವಾಂಸರು ಲುಕಿನೊ ವಿಸ್ಕೋಂಟಿಯ 'ಒಸ್ಸೆಸ್ಸಿಯೊನೆ' (1943) ಚಿತ್ರದಲ್ಲಿ ಗುರುತಿಸುತ್ತಾರೆ. ಅಮೆರಿಕದ ಜೇಮ್ಸ್ ಕೇನನ 1934ರ ಅಪರಾಧ ಕಾದಂಬರಿಯನ್ನು ವಿಸ್ಕೋಂಟಿ ಪೋ ನದಿಯ ಬಯಲಿಗೆ ತಂದನು. ಹೆಂಡತಿಯೂ ಆಕೆಯ ಪ್ರಿಯಕರನೂ ಸೇರಿ ಗಂಡನನ್ನು ಕೊಲ್ಲುವ ಕಥೆಯು ಅಲ್ಲಿ ಬಡತನ, ಅಲೆಮಾರಿತನಗಳ ಕಥೆಯೂ ಆಯಿತು. ಫ್ಯಾಸಿಸ್ಟ್ ಆಡಳಿತಕ್ಕೆ ಈ ಚಿತ್ರಣ ಸಹ್ಯವಾಗಲಿಲ್ಲ. ಮೂಲಪ್ರತಿ ನಾಶವಾದರೂ ನಿರ್ದೇಶಕನು ಕಾಪಾಡಿಕೊಂಡಿದ್ದ ಇನ್ನೊಂದು ಪ್ರತಿಯಿಂದ ಚಿತ್ರವು ಉಳಿಯಿತು.

1952ರಲ್ಲಿ ಮುಂಬಯಿಯಲ್ಲಿ ಆರಂಭವಾದ ಭಾರತದ ಪ್ರಥಮ ಅಂತರರಾಷ್ಟ್ರೀಯ ಚಲನಚಿತ್ರೋತ್ಸವವು ನವವಾಸ್ತವವಾದವನ್ನು ನಮ್ಮ ದೇಶದ ಚಿತ್ರಕಾರರಿಗೆ ಪರಿಚಯಿಸಿತು. ಕನ್ನಡದ ಹೊಸ ಅಲೆಯ ಚಿತ್ರಗಳಿಗೆ ಈ ಪರಂಪರೆಯೊಡನೆ ಬಂಧುತ್ವವಿದೆ. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಯನ್ನು ಆಧರಿಸಿ ಗಿರೀಶ ಕಾರ್ನಾಡರು ನಿರ್ದೇಶಿಸಿದ 'ಕಾಡು' (1973) ಇದಕ್ಕೆ ಉತ್ತಮ ನಿದರ್ಶನ. ಎರಡು ಹಳ್ಳಿಗಳ ವೈರ ಹಾಗೂ ಹಿಂಸೆಯನ್ನು ಅಲ್ಲಿ ಕಿಟ್ಟಿ ಎಂಬ ಬಾಲಕನ ಕಣ್ಣಿನಿಂದ ಕಾಣಿಸಲಾಗಿದೆ.

ಆದರೆ 'ಕಾಡು' ಇಟಲಿಯ ಮಾದರಿಯ ಪಡಿಯಚ್ಚಲ್ಲ. ಹೆಸರು ಹಿಡಿದು ಕರೆಯುವ, ಓಗೊಟ್ಟವರನ್ನು ಕೊಲ್ಲುವ ಹಕ್ಕಿಯ ನಂಬಿಕೆಯೂ ಮಾಟಮಂತ್ರವೂ ಅಲ್ಲಿ ಅಪರಾಧದ ಒಳನೇಯ್ಗೆಯಾಗಿವೆ. ಕಾನೂನು ಅಪರಾಧಿಯನ್ನು ಹುಡುಕಿದರೆ, ಜನಪದ ನಂಬಿಕೆಯು ಊರು ಬದುಕುತ್ತಿರುವ ಭಯಕ್ಕೆ ಹೆಸರು ಕೊಡುತ್ತದೆ. ಆದಕಾರಣ ಜಾನಪದ ಅಧ್ಯಯನವು ಇಂಥ ಚಿತ್ರಗಳನ್ನು ಕೇವಲ ಚಿತ್ರವಿಮರ್ಶೆಗೆ ಬಿಟ್ಟುಕೊಡದೆ, ಆಕರಗಳೆಂದು ಪರಿಗಣಿಸುವುದು ಅಗತ್ಯ.