ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ವಿಮಾನ: ದೂರ ಎಷ್ಟು, ಎಷ್ಟು ಗಂಟೆ? ಟಿಕೆಟ್ ಟೈಮ್ ನೋಡಿ ಮೋಸ ಹೋಗಬೇಡಿ

ಯಲ್ದೂರು: ಅಮೆರಿಕದಲ್ಲಿ ಕೆಲಸ ಮಾಡುವ ಮಕ್ಕಳನ್ನು ನೋಡಲು ಮೊದಲ ಸಲ ವಿಮಾನ ಹತ್ತುವ ಅಪ್ಪ–ಅಮ್ಮಂದಿರು ಮೊದಲು ಕೇಳೋದು, ‘ಎಷ್ಟು ದೂರ, ಎಷ್ಟು ಹೊತ್ತು?’ ಅಂತ. ಅದರ ಪೂರ್ಣ ಮಾಹಿತಿ ಇಲ್ಲಿದೆ.

ದೂರ ಎಷ್ಟು?
ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಆಕಾಶಮಾರ್ಗದಲ್ಲಿ ಸುಮಾರು 14,000 ಕಿ.ಮೀ. ಎರಡೂ ಊರು ಭೂಗೋಳದ ಹೆಚ್ಚೂಕಡಿಮೆ ಎದುರುಬದುರು ದಿಕ್ಕಿನಲ್ಲಿವೆ. ಗ್ಲೋಬ್ ಮೇಲೆ ದಾರ ಹಿಡಿದು ಎಳೆದರೆ ಹತ್ತಿರದ ದಾರಿ ಚೀನಾ, ಸೈಬೀರಿಯಾ, ಅಲಾಸ್ಕಾ ಮೇಲೆ ಹೋಗುತ್ತದೆ. ಆದರೆ ಗಾಳಿಯ ಅನುಕೂಲ ನೋಡಿಕೊಂಡು ವಿಮಾನದ ಮಾರ್ಗ ದಿನದಿನಕ್ಕೂ ಬದಲಾಗುತ್ತದೆ.

ಎಷ್ಟು ಗಂಟೆ?
ಗಂಟೆಗೆ 900 ಕಿ.ಮೀ. ವೇಗ ಅಂದುಕೊಂಡರೆ ಹದಿನೈದೂವರೆ ಗಂಟೆ. ಹತ್ತೋದು, ಇಳಿಯೋದು, ಸುತ್ತು ಸೇರಿ ನೇರ ವಿಮಾನಕ್ಕೆ 16ರಿಂದ 17 ಗಂಟೆಗೂ ಮೇಲೆ ಹಿಡಿಯುತ್ತದೆ. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟ ಏರ್ ಇಂಡಿಯಾದ ಬೋಯಿಂಗ್ 777, ಉತ್ತರ ಧ್ರುವದ ಮೇಲೆ ಹಾರಿ ಬೆಂಗಳೂರಿಗೆ ಇಳಿದಿದ್ದು 11ರ ನಸುಕಿನಲ್ಲಿ. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಅದನ್ನು ನಡೆಸಿದವರೆಲ್ಲ ಮಹಿಳಾ ಪೈಲಟ್‌ಗಳೇ. ಕ್ಯಾಲೆಂಡರ್‌ನಲ್ಲಿ ಎರಡು ದಿನ ದಾಟಿದರೂ ಹಾರಿದ್ದು ಸುಮಾರು 17 ಗಂಟೆ.

ದುಬೈ ಮೇಲೆ ಹೋದರೆ ದೂರ 15,700 ಕಿ.ಮೀ. ಆಸುಪಾಸು ಆಗುತ್ತದೆ. ಹಾರಾಟವೇ ಸುಮಾರು 20 ಗಂಟೆ, ನಡುವೆ ಕಾಯೋದು ಬೇರೆ. ನೇರ ವಿಮಾನಗಳ ವೇಳಾಪಟ್ಟಿ ಬದಲಾಗುತ್ತಿರುತ್ತದೆ, ಬುಕ್ ಮಾಡುವ ಮುಂಚೆ ಖಚಿತಪಡಿಸಿಕೊಳ್ಳಿ.

ಟಿಕೆಟ್ ಓದೋದು ಹೇಗೆ?
ಟಿಕೆಟ್‌ನಲ್ಲಿ ಹೊರಡುವ ಟೈಮ್ ನಮ್ಮದು, ತಲುಪುವ ಟೈಮ್ ಅಲ್ಲಿಯದು. ಸ್ಯಾನ್ ಫ್ರಾನ್ಸಿಸ್ಕೊ ಚಳಿಗಾಲದಲ್ಲಿ ನಮಗಿಂತ 13 ಗಂಟೆ 30 ನಿಮಿಷ ಹಿಂದೆ, ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ 12 ಗಂಟೆ 30 ನಿಮಿಷ ಹಿಂದೆ. ಬೇಸಿಗೆಯಲ್ಲಿ ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ ಹಾರಿದರೂ ಅಲ್ಲಿ ಅದೇ ದಿನ ಸಂಜೆ 5.30. ಮೂರೂವರೆ ಗಂಟೆ ಪ್ರಯಾಣ ಅಂತ ತಿಳಿದು, ಬಿಪಿ, ಶುಗರ್ ಮಾತ್ರೆಯನ್ನು ದೊಡ್ಡ ಲಗೇಜಿಗೆ ಹಾಕಿಬಿಟ್ಟರೆ ಕಷ್ಟ. ಮಾತ್ರೆ, ಡಾಕ್ಟರ್ ಚೀಟಿ ಕೈಚೀಲದಲ್ಲೇ ಇರಲಿ. ಎಷ್ಟು ಗಂಟೆಗೊಮ್ಮೆ ತಗೋಬೇಕು ಅಂತ ಡಾಕ್ಟರನ್ನು ಮೊದಲೇ ಕೇಳಿ.

ಮಧ್ಯರಾತ್ರಿ ವಿಮಾನ: ಇಲ್ಲಿ ಎಚ್ಚರ
11ನೇ ತಾರೀಖು ರಾತ್ರಿ 12.30 ಅಂತ ಇದ್ದರೆ 10ರ ರಾತ್ರಿಯೇ ಏರ್‌ಪೋರ್ಟ್‌ನಲ್ಲಿರಬೇಕು. 11ರ ರಾತ್ರಿ ಹೋದರೆ ವಿಮಾನ ಹೋಗಿ ಇಡೀ ದಿನ ಆಗಿರುತ್ತದೆ. ಅಂತರರಾಷ್ಟ್ರೀಯ ವಿಮಾನಕ್ಕೆ ಮೂರು ಗಂಟೆ ಮುಂಚೆ ತಲುಪಬೇಕು. 2023ರ ಸೆಪ್ಟೆಂಬರ್ 12ರಿಂದ ಈ ವಿಮಾನಗಳು ಕೆಂಪೇಗೌಡ ನಿಲ್ದಾಣದ ಟರ್ಮಿನಲ್ 2ರಲ್ಲಿವೆ. ಶ್ರೀನಿವಾಸಪುರ, ಚಿಂತಾಮಣಿ, ವಿಜಯಪುರ ಮೇಲೆ ದೇವನಹಳ್ಳಿಗೆ ಹೋಗುವವರು ದಾರಿಯ ಹೊತ್ತನ್ನೂ ಸೇರಿಸಿ ಲೆಕ್ಕ ಹಾಕಿ.

ಕರೆದುಕೊಂಡು ಬರಲು ಹೋಗುವವರಿಗೂ ಇದೇ ಮಾತು: ಅವರು ಅಲ್ಲಿ ಹತ್ತಿದ ತಾರೀಖಲ್ಲ, ಇಲ್ಲಿ ಇಳಿಯುವ ತಾರೀಖು ಬರೆದಿಟ್ಟುಕೊಳ್ಳಿ.